ನಾಲ್ಕು ಬೆರಳು ತಗ್ಗು

“ಬುದ್ಧೀ, ತನ್ನದೇ ವಸ್ತುವನ್ನು ತನಗೆ ಚಂದ ಕಂಡ ಹಾಗೆ ಇಟ್ಟುಕೊಂಡರೆ ಅದರಿಂದ ಯಾರಿಗೆ ಏನು ನಷ್ಟ?” ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಪಂಚಾಕ್ಷರಿ ಆ ಮಠಕ್ಕೆ ಓದಲು ಬಂದು ಮೂರು ವರ್ಷವಾಗಿತ್ತು. ಅಂದು ಬೆಳಿಗ್ಗೆ ದರ್ಶನಕ್ಕೆ ಬಂದ ಭಕ್ತನೊಬ್ಬನ ಕಾರು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾಗಿತ್ತು. ಮಠದಲ್ಲಿದ್ದವರು ಅದನ್ನು ಕಂಡು ನಕ್ಕಿದ್ದರು. ಆ ನಗೆಯಲ್ಲಿ ಪಂಚಾಕ್ಷರಿಗೆ ನ್ಯಾಯ ಕಾಣಲಿಲ್ಲ. ಕಾರು ಅವನದು, ಇಷ್ಟವೂ ಅವನದು. ಉಳಿದವರಿಗೇನು?

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. “ಕೂತುಕೋ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೂಗಾರನಿದ್ದ. ಮದುವೆಯ ಕಾರುಗಳಿಗೆ ಹೂವಿನ ಅಲಂಕಾರ ಮಾಡುವುದು ಅವನ ಕಸುಬು. ಹದಿನೈದು ವರ್ಷ ಅವನು ಬೇರೆಯವರ ಕಾರುಗಳ ಮುಂದೆ ಮಂಡಿಯೂರಿ ಗುಲಾಬಿ ಕಟ್ಟಿದ್ದ, ಸೇವಂತಿಗೆ ಸರ ಎಳೆದಿದ್ದ. ಅಲಂಕಾರ ಮುಗಿದು ಮದುಮಗ ಬಂದು ಕೂತರೆ ಇವನು ಬದಿಗೆ ಸರಿದು ನಿಲ್ಲುತ್ತಿದ್ದ. ಅಷ್ಟು ವರ್ಷ ಕಾರುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದರಿಂದ ಯಾವ ಕಾರು ನಿಂತರೆ ಚಂದ, ಯಾವುದು ನಿಂತರೆ ಚಂದವಿಲ್ಲ ಎಂಬುದು ಅವನ ಕಣ್ಣಿಗೆ ತಿಳಿದಿತ್ತು.

ಅವನಿಗೆ ಒಬ್ಬಳೇ ಅಕ್ಕ. ಹೆಸರು ನೀಲವ್ವ. ತಂದೆ ಮೊದಲೇ ಹೋಗಿದ್ದ. ತಾಯಿಯೂ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವಳು ಹೂ ಕಟ್ಟಿ ತಮ್ಮನನ್ನು ಸಾಕಿದಳು. ಅವಳನ್ನು ನೋಡಲು ಗಂಡಿನ ಕಡೆಯವರು ಎರಡು ಸಲ ಬಂದಿದ್ದರು. ಎರಡು ಸಲವೂ ಅವಳು, “ನನ್ನ ತಮ್ಮನೂ ನನ್ನ ಸಂಗಡ ಬರ್ತಾನ,” ಎಂದಳು. ಬಂದವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ದಿನವೆಲ್ಲ ಕಾಲು ಮಡಚಿ ಕೂತು ಹೂ ಕಟ್ಟಿ ಕಟ್ಟಿ ನಲವತ್ತು ದಾಟುವ ಹೊತ್ತಿಗೆ ಅವಳ ಮಂಡಿಗಳು ಸೋತಿದ್ದವು. ಕೂತಲ್ಲಿಂದ ಏಳಬೇಕಾದರೆ ಗೋಡೆಯನ್ನೋ ಬಾಗಿಲನ್ನೋ ಹಿಡಿಯಬೇಕಿತ್ತು.

ಹೂಗಾರ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡ. ಅದೇ ವರ್ಷ ಅಕ್ಕ ಅವನಿಗೊಂದು ಹೆಣ್ಣು ನೋಡಿದಳು. ಹುಡುಗಿಯ ಊರು ಹನ್ನೆರಡು ಕಿಲೋಮೀಟರ್ ದೂರ. ಮಾತುಕತೆ ಮುಗಿದು ನಿಶ್ಚಯದ ದಿನ ಗೊತ್ತಾಯಿತು. ಅದಕ್ಕೆ ಇನ್ನೂ ಒಂದು ತಿಂಗಳಿತ್ತು.

ಆ ತಿಂಗಳಿನಲ್ಲಿ ಹೂಗಾರನಿಗೆ ತನ್ನ ಕಾರು ಸಪ್ಪೆ ಎನಿಸತೊಡಗಿತು. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಒಂದು ಅಂಗೈ ಅಗಲದ ಸಂದು. ಕಾರು ಕಾಲೆತ್ತಿ ನಿಂತ ಹಾಗೆ ಕಾಣುತ್ತಿತ್ತು. ದೊಡ್ಡವರ ಮದುವೆಗಳಲ್ಲಿ ಅವನು ಬೇರೆ ಬಗೆಯ ಕಾರುಗಳನ್ನು ಕಂಡಿದ್ದ. ಅವು ನೆಲವನ್ನು ಅಪ್ಪಿಕೊಂಡ ಹಾಗೆ ತಗ್ಗಾಗಿ ನಿಲ್ಲುತ್ತಿದ್ದವು. ತನ್ನದೂ ಹಾಗೇ ನಿಲ್ಲಲಿ ಎಂದು ಅವನಿಗೆ ಆಸೆಯಾಯಿತು.

ಅವನು ಗ್ಯಾರೇಜಿಗೆ ಹೋದ. ಗ್ಯಾರೇಜಿನ ಮೇಸ್ತ್ರಿ ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದ.

“ಎರಡು ಬೆರಳು ಇಳಸ್ತೀನಿ. ಚಂದ ಕಾಣತೈತಿ, ತೊಂದರೇನೂ ಇಲ್ಲ,” ಎಂದ.

“ನಾಲ್ಕು ಬೆರಳು ಇಳಸು,” ಎಂದ ಹೂಗಾರ.

“ನಾಲ್ಕು ಇಳಿಸಿದ್ರ ರಸ್ತ್ಯಾಗಿನ ಹಂಪ್ ದಾಟೂ ಮುಂದ ತಳ ಬಡೀತೈತಿ. ಒಬ್ಬನ ಇದ್ರ ಹೆಂಗೋ ನಡೀತೈತಿ. ನಿನ್ನ ಸಂಗಡ ಯಾರು ಕೂಡ್ತಾರ?”

“ನಮ್ಮ ಅಕ್ಕ ಒಬ್ಬಾಕಿ.”

“ಹಂಗಾದ್ರ ಹಂಪ್ ಬಂದಾಗೊಮ್ಮೆ ಅಕ್ಕನ್ನ ಇಳಸ್ಬೇಕಾಗತೈತಿ,” ಎಂದು ಮೇಸ್ತ್ರಿ ತಮಾಷೆಗೆ ಹೇಳಿದ. ಇಬ್ಬರೂ ನಕ್ಕರು. ಮೇಸ್ತ್ರಿ ಸ್ಪ್ರಿಂಗುಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸಿದ.

ಸಂಜೆ ಕಾರು ಹೊರಗೆ ಬಂತು. ಹೂಗಾರ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದ. ಅದೇ ಕಾರು, ಆದರೆ ಬೇರೆಯೇ ಆಗಿತ್ತು. ಪೇಟೆಯಲ್ಲಿ ಹೋದರೆ ಜನ ತಿರುಗಿ ನೋಡಿದರು. ಒಬ್ಬ ಅಂಗಡಿಯವನು ಹೊರಗೆ ಬಂದು, ಇದನ್ನು ಎಲ್ಲಿ ಮಾಡಿಸಿದೆ ಎಂದು ಕೇಳಿದ. ಇಷ್ಟು ವರ್ಷ ಬೇರೆಯವರ ಕಾರಿನ ಮುಂದೆ ಮಂಡಿಯೂರಿದವನು ಈಗ ತನ್ನ ಕಾರಿಗೆ ಒರಗಿ ನಿಂತ. ಆ ಸಂತೋಷ ಸುಳ್ಳಲ್ಲ. ಅದನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ, ಅವನೇ ಗಳಿಸಿಕೊಂಡಿದ್ದ.

ಮರುದಿನ ಅವನು ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೂವಿನ ಮಾರುಕಟ್ಟೆಗೆ ಹೊರಟ. ಶಾಲೆಯ ಮುಂದೆ ರಸ್ತೆಗೆ ಒಂದು ಹಂಪ್ ಹಾಕಿದ್ದರು. ಕಾರು ಅದರ ಮೇಲೆ ಏರಿತು. ಕೆಳಗಿನಿಂದ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಬಂತು. ಹೂಗಾರನಿಗೆ ತನ್ನ ಬೆನ್ನನ್ನೇ ಕೆರೆದಂತಾಯಿತು. ಕಾರನ್ನು ಹಿಂದಕ್ಕೆ ತೆಗೆದುಕೊಂಡ.

“ಅಕ್ಕ, ಒಂದು ಸಲ ಇಳೀತೀಯೇನು? ಭಾರ ಕಡಿಮಿ ಆದ್ರ ದಾಟತೈತಿ,” ಎಂದ.

“ಅದಕ್ಕೇನಾತು,” ಎಂದಳು ನೀಲವ್ವ.

ಕಾರು ತಗ್ಗಾಗಿದ್ದರಿಂದ ಸೀಟೂ ತಗ್ಗಾಗಿತ್ತು. ಅವಳು ಬಾಗಿಲಿನ ಅಂಚು ಹಿಡಿದು, ಒಂದು ಸಲ ಎದ್ದು, ಮತ್ತೆ ಕುಸಿದು ಕೂತು, ಎರಡನೆಯ ಸಲಕ್ಕೆ ಎದ್ದಳು. ಖಾಲಿ ಕಾರು ಹಂಪ್ ದಾಟಿತು. ಅವಳು ನಡೆದು ಬಂದು ಮತ್ತೆ ಹತ್ತಿದಳು. ಮಾರುಕಟ್ಟೆ ತಲುಪುವವರೆಗೆ ಹೀಗೆ ಮೂರು ಸಲ ಆಯಿತು.

ನಾಲ್ಕಾರು ದಿನ ಕಳೆಯಿತು. ಆಮೇಲೆ ಹೂಗಾರ ಕೇಳಬೇಕಾದ ಪ್ರಮೇಯವೇ ಬರಲಿಲ್ಲ. ಕಾರು ನಿಧಾನವಾದರೆ ಸಾಕು, ನೀಲವ್ವನ ಕೈ ಬಾಗಿಲಿಗೆ ಹೋಗುತ್ತಿತ್ತು. ಅವನು ನಿಲ್ಲಿಸುವ ಹೊತ್ತಿಗೆ ಅವಳು ಸೆರಗು ಸರಿಮಾಡಿಕೊಂಡು ಇಳಿಯಲು ತಯಾರಾಗಿರುತ್ತಿದ್ದಳು. ಅವನಿಗೆ ಇದು ಅನುಕೂಲವಾಯಿತು. ಬಾಯಿಬಿಟ್ಟು ಕೇಳುವಾಗ ಆಗುತ್ತಿದ್ದ ಸಣ್ಣ ಮುಜುಗರವೂ ತಪ್ಪಿತು. ಅಕ್ಕನದು ಒಳ್ಳೆಯ ಸ್ವಭಾವ ಎಂದುಕೊಂಡ. ಅದಕ್ಕಿಂತ ಮುಂದೆ ಅವನು ಯೋಚಿಸಲಿಲ್ಲ.

ನಿಶ್ಚಯದ ದಿನ ಬಂತು. ಕಾರಿನಲ್ಲಿ ಭಾರ ಹೆಚ್ಚಾಗಬಾರದೆಂದು ಅವನು ಚಿಕ್ಕಪ್ಪ ಚಿಕ್ಕಮ್ಮನನ್ನು ಬಸ್ಸಿಗೆ ಹತ್ತಿಸಿ ಮೊದಲೇ ಕಳಿಸಿದ. ತಾಯಿಯ ಸ್ಥಾನದಲ್ಲಿ ನಿಲ್ಲಬೇಕಾದವಳು ನೀಲವ್ವ. ಅವಳು ಹೊಸ ಇಳಕಲ್ ಸೀರೆ ಉಟ್ಟಳು. ಹುಡುಗಿಗೆಂದು ತಾನೇ ಕಟ್ಟಿದ ಮಲ್ಲಿಗೆಯ ದಂಡೆಯನ್ನು ಬುಟ್ಟಿಯಲ್ಲಿಟ್ಟು ಮಡಿಲಲ್ಲಿ ಹಿಡಿದು ಕೂತಳು. ಆ ಹನ್ನೆರಡು ಕಿಲೋಮೀಟರಿನಲ್ಲಿ ಆರು ಹಂಪ್‌ಗಳಿದ್ದವು. ಅವಳು ಆರು ಸಲ ಇಳಿದಳು. ಬುಟ್ಟಿಯನ್ನು ಸೀಟಿನ ಮೇಲಿಟ್ಟು ಇಳಿಯುವಾಗ ಪ್ರತಿ ಸಲವೂ, “ಹೂ ಬಿಸಿಲಿಗೆ ಬರದಂಗ ನೋಡ್ಕೋ,” ಎನ್ನುತ್ತಿದ್ದಳು.

ಆರನೆಯ ಹಂಪ್ ಹುಡುಗಿಯ ಊರಿನ ಬಾಯಲ್ಲೇ ಇತ್ತು. ಅಲ್ಲಿಂದ ಹುಡುಗಿಯ ಮನೆ ಇನ್ನೂರು ಹೆಜ್ಜೆ. ನೀಲವ್ವ ಇಳಿದಳು. ಕಾರು ದಾಟಿತು. ಹೂಗಾರ ಅಲ್ಲಿ ನಿಂತು ಅಕ್ಕನನ್ನು ಹತ್ತಿಸಿಕೊಳ್ಳಬೇಕಿತ್ತು. ಆದರೆ ಮನೆಯ ಮುಂದೆ ನಿಂತಿದ್ದ ಜನ ಕಾರನ್ನು ಕಂಡು ಕೈ ಬೀಸಿದರು. ಅವನ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಕಾರು ನೇರವಾಗಿ ಮನೆಯ ಮುಂದೆ ಹೋಗಿ ನಿಂತಿತು.

ಹುಡುಗಿಯ ಅಣ್ಣಂದಿರು ಕಾರನ್ನು ಸುತ್ತುವರಿದರು. ಒಬ್ಬ ಕುಕ್ಕರಗಾಲಲ್ಲಿ ಕೂತು ಚಕ್ರ ನೋಡಿದ. ಇನ್ನೊಬ್ಬ, “ಎಷ್ಟು ಇಳಿಸೀರಿ?” ಎಂದು ಕೇಳಿದ. ಹೂಗಾರ ಹೇಳಿದ. ಸ್ಪ್ರಿಂಗಿನ ವಿಷಯ ವಿವರಿಸಿದ. ಅವರು ಅವನ ಭುಜದ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು. ಕಾಲಿಗೆ ನೀರು ಕೊಟ್ಟರು. ಜಮಖಾನದ ಮೇಲೆ ಕೂರಿಸಿದರು. ತಟ್ಟೆಯಲ್ಲಿ ಬೇಸನ್ ಉಂಡೆ ತಂದಿಟ್ಟರು. ಅವನು ಒಂದನ್ನು ಬಾಯಿಗೆ ಹಾಕಿಕೊಂಡ.

ಆಗ ಹುಡುಗಿಯ ಅಜ್ಜಿ ಕೇಳಿದಳು. “ನಿಮ್ಮ ಅಕ್ಕ ಎಲ್ಲಿ?”

ಹೂಗಾರ ಬಾಗಿಲ ಕಡೆ ನೋಡಿದ. ಅವನು ಮರೆತಿದ್ದ. ಅಕ್ಕ ಇಳಿದಿದ್ದನ್ನು, ಅವಳು ಹಿಂದೆ ನಡೆದು ಬರುತ್ತಿರುವುದನ್ನು, ಅವಳೇ ಇಂದಿನ ಕೆಲಸಕ್ಕೆ ಹಿರಿಯಳು ಎಂಬುದನ್ನು ಅಷ್ಟು ಹೊತ್ತು ಪೂರ್ತಿಯಾಗಿ ಮರೆತಿದ್ದ. ನೀಲವ್ವ ಆಗ ತಾನೇ ಹೊಸ್ತಿಲ ಹತ್ತಿರ ಬಂದು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಹೊಸ ಸೀರೆಯ ಅಂಚು ಮಣ್ಣಾಗಿತ್ತು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಹೂವಿನ ಬುಟ್ಟಿ ಅವಳ ಕೈಯಲ್ಲಿತ್ತು. ಕಾರಿನಲ್ಲೇ ಉಳಿದಿದ್ದ ಅದನ್ನು ಅವಳೇ ತೆಗೆದುಕೊಂಡು ಬಂದಿದ್ದಳು.

ಹುಡುಗಿಯ ತಾಯಿ ಎದ್ದು ಹೋಗಿ ಅವಳ ಕೈ ಹಿಡಿದಳು. “ಯಾಕ ನೀಲವ್ವ, ನಡಕೊಂತ ಬಂದ್ರಿ? ಕಾರಿನ್ಯಾಗ ಜಾಗ ಇರಲಿಲ್ಲೇನು?”

ಹೂಗಾರನ ಬಾಯಲ್ಲಿ ಉಂಡೆ ಹಾಗೇ ನಿಂತಿತು.

“ಕುಂತು ಕುಂತು ಕಾಲು ಜೋಮು ಹಿಡಿದಿದ್ವು,” ಎಂದಳು ನೀಲವ್ವ. “ನಿಮ್ಮೂರು ನೋಡ್ದಂಗೂ ಆತು ಅಂತ ನಾನ ಇಳಿದೆ. ತಮ್ಮ ಬ್ಯಾಡ ಬ್ಯಾಡ ಅಂದ.”

ಯಾರೂ ಮತ್ತೇನೂ ಕೇಳಲಿಲ್ಲ. ಹೂಗಾರನಿಗೆ ಮಾತಾಡಲು ಅಲ್ಲಿ ಜಾಗವಿತ್ತು, ಹೊತ್ತೂ ಇತ್ತು. ಅವನು ಉಂಡೆಯನ್ನು ನುಂಗಿದ. ಮಾತನ್ನೂ ನುಂಗಿದ. ಹುಡುಗಿ ಒಳಗಿನಿಂದ ಇನ್ನೊಂದು ತಂಬಿಗೆ ನೀರು ತಂದು ನೀಲವ್ವನ ಕಾಲಿನ ಹತ್ತಿರ ಇಟ್ಟಳು. ಆ ಕಾಲುಗಳನ್ನು ನೋಡಿದಳು. ತಲೆಯೆತ್ತಿ ಒಂದು ಸಲ ಹೂಗಾರನನ್ನು ನೋಡಿದಳು. ಅವನು ತಟ್ಟೆಯ ಕಡೆ ಕಣ್ಣು ತಿರುಗಿಸಿದ.

ಶಾಸ್ತ್ರ ಮುಗಿಯಿತು. ಊಟವಾಯಿತು. ಹೊರಡುವ ಹೊತ್ತಿಗೆ ಹುಡುಗಿಯ ಮನೆಯವರೆಲ್ಲ ಕಳಿಸಿಕೊಡಲು ಹೊರಗೆ ಬಂದರು. ಹೂಗಾರನ ಕಣ್ಣು ಊರ ಬಾಯಿಯ ಹಂಪ್ ಮೇಲಿತ್ತು. ಇಷ್ಟು ಜನರ ಎದುರು ಅಲ್ಲಿ ಅಕ್ಕನನ್ನು ಇಳಿಸಬೇಕಲ್ಲ ಎಂದುಕೊಂಡ. ಇಳಿಸದಿದ್ದರೆ ತಳ ಉಜ್ಜುವ ಸದ್ದು ಎಲ್ಲರಿಗೂ ಕೇಳುತ್ತದೆ. ಅವನು ಎರಡನ್ನೂ ತೂಗಿ ನೋಡುತ್ತ ನಿಂತಿದ್ದಾಗ ಚಿಕ್ಕಮ್ಮ ಬಂದು ಹೇಳಿದಳು. “ನೀಲವ್ವ ಆಗಲೇ ಹೋದಳು. ಊರ ಹೊರಗಿನ ಗುಡಿಗೆ ಕೈ ಮುಗಿದು ಅಲ್ಲೇ ಕುಂತಿರ್ತೀನಿ ಅಂದಾಳ. ಹೋಗೂ ಮುಂದ ಕರಕೊಂಡು ಹೋಗು.”

ಹೂಗಾರ ಒಬ್ಬನೇ ಕಾರು ಹತ್ತಿದ. ಎಲ್ಲರೂ ನೋಡುತ್ತಿದ್ದ ಹಾಗೆ ಖಾಲಿ ಕಾರು ಹಂಪ್ ದಾಟಿತು. ಸದ್ದಾಗಲಿಲ್ಲ. ತಿರುವಿನಾಚೆ ಸಣ್ಣ ಸೇತುವೆಯ ಕಟ್ಟೆಯ ಮೇಲೆ ನೀಲವ್ವ ಕೂತಿದ್ದಳು. ಎರಡೂ ಕೈಗಳಿಂದ ಮಂಡಿ ಒತ್ತಿಕೊಳ್ಳುತ್ತಿದ್ದಳು. ಅಲ್ಲಿ ಗುಡಿ ಇರಲಿಲ್ಲ.

ಅವನು ಕಾರು ನಿಲ್ಲಿಸಿ ಇಳಿದ. ಅವಳ ಕಡೆ ನಡೆದ. ನೀಲವ್ವ ಅವನ ಮುಖ ನೋಡಿ ಬೇರೆಯೇ ಅರ್ಥ ಮಾಡಿಕೊಂಡಳು. ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ, “ಯಾರೂ ನೋಡ್ಲಿಲ್ಲ ಬಿಡು ತಮ್ಮಾ,” ಎಂದಳು.

ಆ ಒಂದು ಮಾತು ಅವನನ್ನು ನೆಲಕ್ಕೆ ಕುಕ್ಕಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅತ್ತಿದ್ದರೆ ಕೈ ಹಿಡಿಯುತ್ತಿದ್ದ. ಅವಳು ಅವನ ಮಾನ ಉಳಿಸಿದೆನೆಂದು ಸಂತೋಷಪಟ್ಟಿದ್ದಳು. ಉಳಿದ ಐದು ಹಂಪ್‌ಗಳನ್ನು ಅವನು ನಿಲ್ಲಿಸದೆ ದಾಟಿಸಿದ. ಪ್ರತಿ ಸಲ ತಳ ಕಿರುಚಿತು. ಅಕ್ಕ ಪ್ರತಿ ಸಲವೂ, “ಅಯ್ಯೋ, ನಿಲ್ಲಸಪ್ಪಾ, ಇಳೀತಿದ್ದೆ,” ಎಂದಳು. ಅವನು ಮುಂದೆ ನೋಡುತ್ತ ಕಾರು ಓಡಿಸಿದ. ಹಿಂದೆ ತಿರುಗುವ ಧೈರ್ಯ ಅವನಿಗಿರಲಿಲ್ಲ.

ಮರುದಿನ ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲೇ ಅವನು ಅಲ್ಲಿದ್ದ. “ಹೊಸ ಸ್ಪ್ರಿಂಗ್ ಹಾಕು. ಮೊದಲು ಎಷ್ಟಿತ್ತೋ ಅಷ್ಟು ಎತ್ತರ ಮಾಡು,” ಎಂದ. ಮೇಸ್ತ್ರಿ ಕೂಡಲೇ ಕೆಲಸಕ್ಕೆ ಇಳಿದ. ಮಧ್ಯಾಹ್ನದ ಹೊತ್ತಿಗೆ ಕಾರು ಮತ್ತೆ ಕಾಲೆತ್ತಿ ನಿಂತಿತು.

ಅಷ್ಟಕ್ಕೇ ಅವನ ಮನಸ್ಸು ಹಗುರಾಗಲಿಲ್ಲ. ಅಕ್ಕನ ಬಾಯಲ್ಲಿ ಬಂದ ಸುಳ್ಳು ಇನ್ನೂ ಆ ಮನೆಯಲ್ಲಿ ಹಾಗೇ ಉಳಿದಿತ್ತು. ಒಂದು ವಾರ ತಡೆದ. ಎಂಟನೆಯ ದಿನ ಒಬ್ಬನೇ ಹುಡುಗಿಯ ಊರಿಗೆ ಹೋದ. ಹುಡುಗಿಯ ತಂದೆ ತಾಯಿಯ ಎದುರು ನಿಂತು, “ಅವತ್ತು ಅಕ್ಕ ತಾನಾಗೇ ಇಳಿದು ನಡಕೊಂತ ಬರಲಿಲ್ಲ. ಕಾರಿನ ತಳ ಬಡಿಯಬಾರದು ಅಂತ ನಾ ಇಳಿಸಿದೆ. ಇಳಿಸಿ ಮರತೂ ಬಿಟ್ಟೆ,” ಎಂದ. ಹೇಳುವಾಗ ಅವನ ಕಣ್ಣು ಅವರ ಮುಖಕ್ಕೆ ಏರಲಿಲ್ಲ.

ಹುಡುಗಿಯ ತಂದೆ ಎದ್ದು ಬಾಗಿಲ ಹತ್ತಿರ ಹೋದ. ಆಮೇಲೆ ಹೊರಗೆ ಕೈ ತೋರಿಸಿದ. “ನಮ್ಮ ಬಾಗಿಲಾಗ ನಿಂತ್ರ ಆ ಹಂಪ್ ಕಾಣತೈತಿ. ಆಕಿ ಇಳಿದದ್ದನ್ನ ನಾವೆಲ್ಲಾ ನೋಡಿದ್ವಿ. ನೀವೇನಂತೀರಿ ನೋಡೂಣು ಅಂತ ಗೊತ್ತಿದ್ದ ಕೇಳಿದ್ವಿ.”

ಹೂಗಾರನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ತಾನು ನುಂಗಿದ ಮಾತು ಅಂದು ಆ ಮನೆಯ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಕ್ಕನ ಸುಳ್ಳನ್ನು ಅಕ್ಕನಿಗಾಗಿಯೇ ಒಪ್ಪಿಕೊಂಡಿದ್ದರು. ಯಾರಿಗೂ ಗೊತ್ತಿಲ್ಲವೆಂದು ನಂಬಿ ಕೂತಿದ್ದವನು ಅವನೊಬ್ಬನೇ.

ಒಳಬಾಗಿಲಲ್ಲಿ ನಿಂತಿದ್ದ ಹುಡುಗಿ ಹೇಳಿದಳು. “ನೀವು ಬಂದು ಹೇಳ್ತೀರೋ ಇಲ್ಲೋ ಅಂತ ನೋಡ್ತಿದ್ದೆ. ಇನ್ನೊಂದು ವಾರ ಹೋಗಿದ್ರ ಈ ಸಂಬಂಧ ಬ್ಯಾಡ ಅಂತಿದ್ದೆ.”

ಮದುವೆ ನಡೆಯಿತು. ಅಂದು ಹೂಗಾರನ ಕಾರಿಗೆ ಹೂ ಕಟ್ಟಿದವಳು ನೀಲವ್ವ. ಮುಂದಿನ ಸೀಟಿನಲ್ಲಿ ಅವಳನ್ನೇ ಕೂರಿಸಿಕೊಂಡು ದಂಪತಿ ಮದುವೆಯ ಛತ್ರದಿಂದ ಮನೆಗೆ ಹೊರಟರು. ಶಾಲೆಯ ಮುಂದಿನ ಹಂಪ್ ಹತ್ತಿರ ಕಾರು ನಿಧಾನವಾಯಿತು. ನೀಲವ್ವನ ಕೈ ಬಾಗಿಲಿಗೆ ಹೋಯಿತು.

“ಇಳೀಬ್ಯಾಡ ಅಕ್ಕ. ಎತ್ತರ ಮಾಡಿಸೀನಿ. ಈಗ ಬಡಿಯೂದಿಲ್ಲ,” ಎಂದ ಹೂಗಾರ.

“ಇರಲಿ ಬಿಡು. ಸುಮ್ಮನ ಯಾಕ ಭಾರ,” ಎಂದು ಅವಳು ಇಳಿದೇಬಿಟ್ಟಳು. ಬಾಗಿಲು ಮುಚ್ಚಿ ಮುಂದೆ ನಡೆದಳು. ಹಿಂದೆ ಬಂದ ವಾಹನದವರು ಹಾರನ್ ಹೊಡೆದರು. ಹೂಗಾರ ಕೂತಲ್ಲೇ ಇದ್ದ. ಅವನ ಹೆಂಡತಿ ಬಾಸಿಂಗ ಕಟ್ಟಿಕೊಂಡೇ ಇಳಿದು ಹೋಗಿ ನೀಲವ್ವನ ತೋಳು ಹಿಡಿದು ಜೊತೆಗೆ ನಡೆದಳು.

ಆಮೇಲೆ ಎಷ್ಟೋ ದಿನ ಹೀಗೇ ಆಯಿತು. ಹೂಗಾರ ಹೇಳಿ ನೋಡಿದ. ಬಗ್ಗಿ, ಕಾರಿನ ತಳಕ್ಕೂ ನೆಲಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ತೋರಿಸಿದ. ಅವಳು ಹೌದು ಹೌದು ಎಂದಳು. ಒಮ್ಮೊಮ್ಮೆ ಅವನ ಮಾತಿಗೆ ಕಟ್ಟುಬಿದ್ದು ಕೂತೇ ಇರುತ್ತಿದ್ದಳು. ಆಗಲೂ ಹಂಪ್ ದಾಟುವವರೆಗೆ ಬಾಗಿಲಿನ ಹಿಡಿಯನ್ನು ಬಿಡುತ್ತಿರಲಿಲ್ಲ, ಉಸಿರು ಬಿಗಿಹಿಡಿದು ಮೈಯನ್ನು ಹಗುರ ಮಾಡಿಕೊಂಡವಳ ಹಾಗೆ ಸೀಟಿನ ತುದಿಗೆ ಸರಿದು ಕೂತಿರುತ್ತಿದ್ದಳು. ಕನ್ನಡಿಯಲ್ಲಿ ಅದು ಕಂಡಾಗ ಹೂಗಾರ ಕಣ್ಣು ತಪ್ಪಿಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ತಲೆ ತಗ್ಗಿಸಿ ಕೂತಿದ್ದ. ಮೆಲ್ಲಗೆ ಕೇಳಿದ.

“ಕೊನೆಗೆ ಅಕ್ಕ ಅವನನ್ನು ಕ್ಷಮಿಸಿದಳೇ, ಬುದ್ಧೀ?”

“ಕ್ಷಮಿಸಬೇಕಾದರೆ ತನಗೆ ಅನ್ಯಾಯವಾಗಿದೆ ಎಂದು ಮೊದಲು ಅವಳಿಗೆ ಅನಿಸಬೇಕಿತ್ತಲ್ಲ,” ಎಂದರು ಗುರುಗಳು, “ಇಳಿದು ನಡೆಯುವುದೇ ತನ್ನ ಪಾಲಿನದೆಂದು ಅವಳು ನಂಬಿಬಿಟ್ಟಿದ್ದಳು.”